ಕಂಡದ್ದು, ಕೇಳಿದ್ದು, ಊಹಿಸಿದ್ದು: ದಿಂಬಂ ಘಟ್ಟದಿಂದ ಹವ್ಯಾಸಿ ಪತ್ರಿಕೆಗೆ ಒಂದು ಟಿಪ್ಪಣಿ

ಸತ್ಯಮಂಗಲದಿಂದ ಚಾಮರಾಜನಗರದ ಕಡೆಗೆ ಸಾಗುವ ಹೆದ್ದಾರಿಯು ಬಣ್ಣಾರಿ ಅಮ್ಮನ ಗುಡಿಯನ್ನು ಹಿಂದಿಕ್ಕಿ, 27 ಹೇರ್‌ಪಿನ್ ತಿರುವುಗಳನ್ನು ಏರಿ ದಿಂಬಂ ತಲುಪುತ್ತದೆ. ಅಲ್ಲಿಂದ ಒಂದು ದಾರಿ ಹಾಸನೂರಿನ ಮೂಲಕ ಕರ್ನಾಟಕದ ಗಡಿಯತ್ತ ಹೋಗುತ್ತದೆ. ಇನ್ನೊಂದು ತಲಮಲೆಯ ಕಾಡನ್ನು ಹಾಯ್ದು ತಾಳವಾಡಿಯ ಕಡೆಗೆ ಹೊರಳುತ್ತದೆ. ಆಡಳಿತದಲ್ಲಿ ಇದು ತಮಿಳುನಾಡಿನ ಈರೋಡ್ ಜಿಲ್ಲೆ. ಮಾತಿನಲ್ಲಿ ಬಹುಮಟ್ಟಿಗೆ ಕನ್ನಡದ ಸೀಮೆ. ಕೆನೆತ್ ಆಂಡರ್ಸನ್ ಅವರ ಬೇಟೆಯ ಕಥನಗಳಲ್ಲಿ ದಿಂಬಂ ಹೆಸರು ಬರುತ್ತದೆ. ಆಂಡರ್ಸನ್ ಅವರ ಕಥೆಗಳನ್ನು ಪೂರ್ಣಚಂದ್ರ ತೇಜಸ್ವಿಯವರು ‘ಕಾಡಿನ ಕತೆಗಳು’ ಮಾಲಿಕೆಯಲ್ಲಿ ಕನ್ನಡಕ್ಕೆ ತಂದ ಮೇಲೆ, ಈ ಬೆಟ್ಟಸಾಲಿನ ಸುತ್ತಣ ಕಾಡುಗಳು ಕನ್ನಡ ಓದುಗರ ಕಲ್ಪನೆಯಲ್ಲಿ ನೆಲೆನಿಂತವು.

ಆದರೆ ದಿಂಬಂ ಕುರಿತು ಬರೆದವರು ಬಹುತೇಕ ಹೊರಗಿನಿಂದ ಬಂದವರು. ಘಟ್ಟದ ಮೇಲೆ ಬದುಕುವವರು, ಅಲ್ಲಿಂದ ಪ್ರತಿದಿನ ಕಾಲೇಜಿಗೆ ಬಂದು ಹೋಗುವವರು, ರಜೆಯಲ್ಲಿ ಹಕ್ಕಿ ಅಥವಾ ಚಿಟ್ಟೆ ನೋಡುವ ಹವ್ಯಾಸವುಳ್ಳವರು ಕಾಣುವುದು ಹೆಚ್ಚು, ಬರೆಯುವುದು ಕಡಿಮೆ. ಹವ್ಯಾಸಿ ಪತ್ರಿಕೆಗಳನ್ನು ಓದುವ ಅಭ್ಯಾಸವಿದ್ದರೂ ಅವುಗಳಿಗೆ ಬರೆಯಬಹುದೆಂಬ ಧೈರ್ಯ ಹಲವರಿಗೆ ಇರುವುದಿಲ್ಲ. ಬರೆದವರ ಬರಹವೂ ಅನೇಕ ವೇಳೆ ಸಂಪಾದಕರ ಮೇಜಿನಿಂದ ಹಿಂದಿರುಗುತ್ತದೆ. ಶೈಲಿಯ ಕೊರತೆ ಇದಕ್ಕೆ ಕಾರಣವಾಗುವುದು ಅಪರೂಪ. ಬರೆದವನಿಗೆ ಆ ಸಂಗತಿ ಹೇಗೆ ತಿಳಿಯಿತು ಎಂಬುದು ಬರಹದಿಂದ ಸ್ಪಷ್ಟವಾಗದಿರುವುದೇ ಬಹುಮಟ್ಟಿನ ಕಾರಣ. ಪ್ರಸ್ತುತ ಪಾಠವು ಈ ಒಂದು ಅಂಶವನ್ನು ಕೇಂದ್ರವಾಗಿಟ್ಟುಕೊಂಡು, ನಿಸರ್ಗ ಸಂಬಂಧಿ ಹವ್ಯಾಸಿ ಪತ್ರಿಕೆಗಳಿಗೆ ಟಿಪ್ಪಣಿ ಅಥವಾ ಲೇಖನ ಕಳುಹಿಸುವ ಕ್ರಮವನ್ನು ವಿವರಿಸುತ್ತದೆ.

ಹವ್ಯಾಸಿಯ ಟಿಪ್ಪಣಿಗೆ ಇರುವ ಪರಂಪರೆ

ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯು 1883ರಲ್ಲಿ ಸ್ಥಾಪನೆಯಾಯಿತು. ಅದರ ಜರ್ನಲ್ 1886ರಲ್ಲಿ ಆರಂಭವಾಯಿತು. ಆ ಜರ್ನಲ್‌ನ ದೀರ್ಘ ಪ್ರಬಂಧಗಳ ಹಿಂದೆ ‘ಸಂಕೀರ್ಣ ಟಿಪ್ಪಣಿಗಳು’ ಎಂಬ ವಿಭಾಗವಿರುತ್ತಿತ್ತು. ತೋಟದ ಮಾಲೀಕರು, ಅರಣ್ಯಾಧಿಕಾರಿಗಳು, ಸೈನಿಕರು, ವೈದ್ಯರು ತಮ್ಮ ಕಣ್ಣಿಗೆ ಬಿದ್ದ ಒಂದೊಂದು ಸಂಗತಿಯನ್ನು ಕೆಲವೇ ಸಾಲುಗಳಲ್ಲಿ ಬರೆದು ಕಳುಹಿಸುತ್ತಿದ್ದರು.

ದಿಂಬಂನಿಂದ ಉತ್ತರಕ್ಕೆ ಹಬ್ಬಿರುವ ಬಿಳಿಗಿರಿರಂಗನ ಬೆಟ್ಟಗಳಲ್ಲಿ ಹೊನ್ನಮೇಟಿ ಕಾಫಿ ತೋಟವನ್ನು ನಡೆಸುತ್ತಿದ್ದ ಆರ್. ಸಿ. ಮಾರಿಸ್ (1894–1977) ಇಂಥವರಲ್ಲಿ ಪ್ರಮುಖರು. ಅವರು ವೃತ್ತಿಯಿಂದ ಪ್ರಾಣಿಶಾಸ್ತ್ರಜ್ಞರಲ್ಲ. ತೋಟದ ಕೆಲಸದ ನಡುವೆ ಕಂಡ ಆನೆ, ಕಾಟಿ, ಹುಲಿ, ಹಕ್ಕಿಗಳ ಬಗ್ಗೆ ದಶಕಗಳ ಕಾಲ ಆ ಜರ್ನಲ್‌ಗೆ ಟಿಪ್ಪಣಿಗಳನ್ನು ಬರೆದರು. ಈ ಬೆಟ್ಟಗಳ ಪ್ರಾಣಿಜೀವನದ ಚರಿತ್ರೆಯನ್ನು ಬರೆಯಹೊರಟವರು ಇಂದಿಗೂ ಅವುಗಳನ್ನು ತಿರುವಿ ನೋಡಬೇಕಾಗುತ್ತದೆ. ಅವುಗಳ ಬೆಲೆ ನಿಂತಿರುವುದು ಸ್ಥಳ, ಕಾಲ ಮತ್ತು ಕಂಡವರ ಹೆಸರು ದಾಖಲಾಗಿರುವುದರ ಮೇಲೆ.

ಸಲೀಂ ಅಲಿಯವರ ಆರಂಭವೂ ಇದೇ ಬಗೆಯದು. ಅದೇ ಜರ್ನಲ್‌ನಲ್ಲಿ ಪ್ರಕಟವಾದ ಗೀಜಗನ ಗೂಡುಕಟ್ಟುವಿಕೆಯ ಕುರಿತ ಅವರ ಲೇಖನವು, ಕಿಹಿಮ್ ಎಂಬ ಕಡಲತೀರದ ಹಳ್ಳಿಯಲ್ಲಿ, ನೌಕರಿಯಿಲ್ಲದ ದಿನಗಳಲ್ಲಿ, ಒಂದೇ ಬಗೆಯ ಹಕ್ಕಿಯನ್ನು ತಾಳ್ಮೆಯಿಂದ ನೋಡಿದ್ದರ ಫಲ. ಮುಂದೆ ಜಾಫರ್ ಫತೇಹಲ್ಲಿಯವರು ‘ನ್ಯೂಸ್‌ಲೆಟರ್ ಫಾರ್ ಬರ್ಡ್‌ವಾಚರ್ಸ್’ ಎಂಬ ಪುಟ್ಟ ಪತ್ರಿಕೆಯನ್ನು ನಡೆಸಿ, ದೇಶದ ಮೂಲೆಮೂಲೆಯ ಹಕ್ಕಿವೀಕ್ಷಕರ ಪತ್ರಗಳಿಗೂ ಟಿಪ್ಪಣಿಗಳಿಗೂ ಜಾಗ ಕೊಟ್ಟರು. ಆ ಪತ್ರಿಕೆ ಅನಂತರ ಬೆಂಗಳೂರಿನಿಂದ ಹೊರಬರತೊಡಗಿತು.

ಕನ್ನಡದಲ್ಲಿ ಓದುಗನೇ ಬರಹಗಾರನಾಗುವ ಪ್ರಯೋಗವನ್ನು ಗಟ್ಟಿಯಾಗಿ ಮಾಡಿ ತೋರಿಸಿದ್ದು ಕೃಷಿ ಕ್ಷೇತ್ರದ ಪತ್ರಿಕೆ. 1988ರಲ್ಲಿ ಆರಂಭವಾದ ‘ಅಡಿಕೆ ಪತ್ರಿಕೆ’ಯು ಶ್ರೀಪಡ್ರೆಯವರ ಮುಂದಾಳುತನದಲ್ಲಿ ಕೃಷಿಕರ ಕೈಗೇ ಲೇಖನಿ ಕೊಟ್ಟಿತು, ಬರೆಯಲು ಕಲಿಸುವ ಶಿಬಿರಗಳನ್ನೂ ನಡೆಸಿತು. ಲೇಖನದ ಕೊನೆಯಲ್ಲಿ ಸಂಬಂಧಪಟ್ಟ ಕೃಷಿಕರ ಸಂಪರ್ಕ ವಿವರವನ್ನು ಕೊಡುವ ಅದರ ಪದ್ಧತಿ ಗಮನಾರ್ಹ. ಓದಿದವನಿಗೆ ಸಂಶಯವಿದ್ದರೆ ನೇರವಾಗಿ ಕೇಳಿ ತಿಳಿಯಬಹುದು. ಬರಹವು ಪರಿಶೀಲನೆಗೆ ತೆರೆದಿರಬೇಕೆಂಬ ತತ್ತ್ವವನ್ನು ಈ ಸರಳ ಪದ್ಧತಿಯು ಆಚರಣೆಗೆ ತಂದಿದೆ.

ಬರೆಯುವ ಮುನ್ನ ಪತ್ರಿಕೆಯನ್ನು ಓದುವುದು

ಎಲ್ಲ ಬರಹವೂ ಎಲ್ಲ ಪತ್ರಿಕೆಗೂ ಸಲ್ಲುವುದಿಲ್ಲ. ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’ವು ಶಾಲಾಮಕ್ಕಳನ್ನೂ ಅಧ್ಯಾಪಕರನ್ನೂ ಉದ್ದೇಶಿಸಿದ್ದು, ಅಲ್ಲಿ ಸಂಗತಿಗಿಂತ ಸಂಗತಿಯ ವಿವರಣೆಗೆ ಪ್ರಾಧಾನ್ಯ. ಬನ್ನೇರುಘಟ್ಟದ ಕಾಡಿನಂಚಿನ ನಿಸರ್ಗಾಸಕ್ತರ ಬಳಗವೊಂದು ಹೊರತರುವ ‘ಕಾನನ’ ಇ-ಮಾಸಪತ್ರಿಕೆಯು ಅನುಭವ ಕಥನ, ಪರಿಚಯ ಲೇಖನ, ಛಾಯಾಚಿತ್ರಗಳನ್ನು ಕನ್ನಡದಲ್ಲಿ ಪ್ರಕಟಿಸುತ್ತದೆ. ಹಕ್ಕಿಗಳಿಗೇ ಮೀಸಲಾದ ‘ಇಂಡಿಯನ್ ಬರ್ಡ್ಸ್’ನಂತಹ ಇಂಗ್ಲಿಷ್ ಪತ್ರಿಕೆಯು ಅಪರೂಪದ ದಾಖಲೆಯನ್ನು ಪುರಾವೆಯೊಂದಿಗೆ ಕೇಳುತ್ತದೆ. ದಿನಪತ್ರಿಕೆಯ ಪುರವಣಿಗೆ ಇವೆಲ್ಲಕ್ಕಿಂತ ಬೇರೆ ಬಗೆಯ ಓದುಗರಿದ್ದಾರೆ.

ಆದ್ದರಿಂದ ಕಳುಹಿಸಬೇಕೆಂದಿರುವ ಪತ್ರಿಕೆಯ ಇತ್ತೀಚಿನ ನಾಲ್ಕೈದು ಸಂಚಿಕೆಗಳನ್ನು ಒಮ್ಮೆ ಓದುಗನಾಗಿ, ಇನ್ನೊಮ್ಮೆ ಬರಹಗಾರನಾಗಿ ಓದುವುದು ಮೊದಲ ಹೆಜ್ಜೆ. ಎರಡನೆಯ ಓದಿನಲ್ಲಿ ಗಮನಿಸಬೇಕಾದವು ಕೆಲವಿವೆ. ಸಾಮಾನ್ಯ ಲೇಖನದ ಉದ್ದವೆಷ್ಟು? ಓದುಗರ ಬರಹಕ್ಕೆ ಮೀಸಲಾದ ವಿಭಾಗ ಯಾವುದು? ಪ್ರಾಣಿ, ಸಸ್ಯಗಳ ಹೆಸರನ್ನು ಯಾವ ರೀತಿ ಮುದ್ರಿಸುತ್ತಾರೆ? ಚಿತ್ರಗಳೆಷ್ಟು? ಅದೇ ವಿಷಯ ಇತ್ತೀಚೆಗೆ ಬಂದಿದೆಯೇ? ಲೇಖಕರಿಗೆ ಸೂಚನೆಗಳೆಂಬ ಪುಟವಿದ್ದರೆ ಅದನ್ನು ಅಕ್ಷರಶಃ ಪಾಲಿಸಬೇಕು. ಹೊಸಬರು ದೀರ್ಘ ಲೇಖನದಿಂದ ಆರಂಭಿಸುವುದಕ್ಕಿಂತ ಓದುಗರ ಪತ್ರ ಅಥವಾ ಮುನ್ನೂರು ಪದಗಳ ಟಿಪ್ಪಣಿಯಿಂದ ಆರಂಭಿಸುವುದು ಲೇಸು. ಚಿಕ್ಕ ಬರಹಕ್ಕೆ ಪುಟದಲ್ಲಿ ಜಾಗ ಸಿಗುವುದು ಸುಲಭ. ಅದರಲ್ಲಿ ತಪ್ಪು ನುಸುಳುವ ಸಂಭವವೂ ಕಡಿಮೆ.

ಅರಿವಿನ ಮೂಲವನ್ನು ತಿಳಿಸುವ ಕನ್ನಡ

ಪಾಠದ ಮುಖ್ಯ ಭಾಗ ಇದು. ತಿಳಿವಳಿಕೆಯ ಮೂಲವನ್ನು ಕ್ರಿಯಾಪದದಲ್ಲಿಯೇ ಸೂಚಿಸುವ ಸಾಮರ್ಥ್ಯ ಕನ್ನಡಕ್ಕೆ ಸಹಜವಾಗಿ ಇದೆ. ಕೆಳಗಿನ ನಾಲ್ಕು ವಾಕ್ಯಗಳನ್ನು ಗಮನಿಸಬಹುದು.

1. ಚಿರತೆ ರಸ್ತೆ ದಾಟಿತು.
2. ಚಿರತೆ ರಸ್ತೆ ದಾಟಿತಂತೆ.
3. ಚಿರತೆ ರಸ್ತೆ ದಾಟಿರಬೇಕು.
4. ಚಿರತೆ ರಸ್ತೆ ದಾಟಿರಬಹುದು.

ಮೊದಲನೆಯದರಲ್ಲಿ ಹೇಳುವವನು ಆ ಸಂಗತಿಗೆ ತಾನೇ ಹೊಣೆಯಾಗುತ್ತಾನೆ. ಕೇಳುವವನು ಅವನು ಕಂಡಿದ್ದಾನೆಂದೇ ತಿಳಿಯುತ್ತಾನೆ. ಎರಡನೆಯದು ಬೇರೊಬ್ಬರಿಂದ ಕೇಳಿದ ಮಾತು. ಮೂರನೆಯದಕ್ಕೆ ಆಧಾರವಿದೆ: ಮಣ್ಣಿನಲ್ಲಿ ಹೆಜ್ಜೆ ಮೂಡಿದೆ, ಕೋತಿಗಳು ಎಚ್ಚರಿಕೆಯ ಕೂಗು ಹಾಕಿವೆ, ಆದರೆ ಪ್ರಾಣಿ ಕಂಡಿಲ್ಲ. ನಾಲ್ಕನೆಯದು ಬರಿಯ ಸಾಧ್ಯತೆ. ಆಡುಮಾತಿನಲ್ಲಿ ಘಟ್ಟದ ಯಾವ ಅಜ್ಜಿಯೂ ಈ ನಾಲ್ಕನ್ನು ಬೆರೆಸುವುದಿಲ್ಲ. ವಿಚಿತ್ರವೆಂದರೆ, ಅದೇ ಮನೆಯ ಕಾಲೇಜು ವಿದ್ಯಾರ್ಥಿಯು ಪತ್ರಿಕೆಗೆ ಬರೆಯಲು ಕುಳಿತಾಗ ‘ಅಂತೆ’ಯನ್ನು ಗ್ರಾಮ್ಯವೆಂದು ಬಿಡುತ್ತಾನೆ, ‘ಇರಬೇಕು’, ‘ಇರಬಹುದು’ಗಳನ್ನು ದೌರ್ಬಲ್ಯದ ಲಕ್ಷಣವೆಂದು ಅಳಿಸುತ್ತಾನೆ. ಎಲ್ಲ ವಾಕ್ಯಗಳೂ ಮೊದಲನೆಯ ರೂಪಕ್ಕೆ ಬಂದು ನಿಲ್ಲುತ್ತವೆ. ಕೇಳಿದ್ದೂ ಊಹಿಸಿದ್ದೂ ಕಂಡದ್ದರ ವೇಷ ತೊಡುತ್ತವೆ. ಅನುಭವಿ ಸಂಪಾದಕರಿಗೆ ಸಂಶಯ ಹುಟ್ಟುವುದು ಇಲ್ಲಿಯೇ.

ಶಿಷ್ಟ ಗದ್ಯದಲ್ಲಿ ‘ಅಂತೆ’ಯನ್ನು ಹಾಗೆಯೇ ಬಳಸಬೇಕೆಂದಿಲ್ಲ. ಅದನ್ನು ಬಿಡಿಸಿ ಬರೆಯಬೇಕು: ಯಾರು ಹೇಳಿದರು, ಯಾವಾಗ ಹೇಳಿದರು, ಅವರು ಸ್ವತಃ ಕಂಡಿದ್ದರೇ ಎಂಬುದನ್ನು ತಿಳಿಸಬೇಕು. ‘ಇರಬೇಕು’ ಎಂದಾಗ ಅದರ ಆಧಾರವನ್ನು ಅದೇ ವಾಕ್ಯದಲ್ಲಿ ಅಥವಾ ಮುಂದಿನ ವಾಕ್ಯದಲ್ಲಿ ಕೊಡಬೇಕು. ‘ಇರಬಹುದು’ ಎಂಬುದನ್ನು ಟಿಪ್ಪಣಿಯ ಕೊನೆಗೆ, ಸಂಗತಿಗಳೆಲ್ಲ ಮುಗಿದ ಮೇಲೆ ಇಡುವುದು ಉಚಿತ.

ಎಲ್ಲಿ, ಯಾವಾಗ: ಗಡಿನಾಡಿನ ವಿಶೇಷ ತೊಡಕು

ಸ್ಥಳ ಮತ್ತು ದಿನಾಂಕಗಳು ಟಿಪ್ಪಣಿಯ ಬೆನ್ನೆಲುಬು. ಅವು ತಪ್ಪಾದರೆ ಆಗುವ ಹಾನಿಗೆ ಕಾಡುಗೂಬೆಯೊಂದರ ಕಥೆ ನಿದರ್ಶನ. ಫಾರೆಸ್ಟ್ ಔಲೆಟ್ ಎಂಬ ಮಧ್ಯಭಾರತದ ಈ ಚಿಕ್ಕ ಗೂಬೆ ಹತ್ತೊಂಬತ್ತನೆಯ ಶತಮಾನದ ಬಳಿಕ ಯಾರಿಗೂ ಖಚಿತವಾಗಿ ಕಂಡಿರಲಿಲ್ಲ. ರಿಚರ್ಡ್ ಮೈನರ್ಟ್ಸ್‌ಹಾಗೆನ್ ಎಂಬ ಪ್ರಸಿದ್ಧ ಸಂಗ್ರಾಹಕ ಮಾತ್ರ 1914ರಲ್ಲಿ ಗುಜರಾತಿನ ಮಾಂಡ್ವಿಯಲ್ಲಿ ಅದನ್ನು ಹಿಡಿದುದಾಗಿ ತೋರಿಸುವ ಚೀಟಿಯೊಂದನ್ನು ತನ್ನ ಸಂಗ್ರಹದ ಹಕ್ಕಿಗೆ ಕಟ್ಟಿದ್ದ. ಆ ಹಕ್ಕಿ ಬೇರೊಬ್ಬರ ಸಂಗ್ರಹದಿಂದ ಕದ್ದದ್ದು. ಸ್ಥಳವೂ ಕಾಲವೂ ಕಟ್ಟುಕಥೆ. ಆ ಸುಳ್ಳು ಚೀಟಿಯು ಹುಡುಕುವವರ ದಾರಿ ತಪ್ಪಿಸಿತ್ತು. ಮೋಸವನ್ನು ಬಯಲಿಗೆಳೆದ ಪಮೇಲಾ ರಾಸ್ಮುಸ್ಸೆನ್ ಮತ್ತು ಸಂಗಡಿಗರು ನಂಬಲರ್ಹವಾದ ಹಳೆಯ ಚೀಟಿಗಳನ್ನು ಆಧರಿಸಿ ಹುಡುಕಿ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆಯನ್ನು ಮತ್ತೆ ಕಂಡರು. ಒಂದು ಸುಳ್ಳು ಊರಿನ ಹೆಸರು ಎಷ್ಟು ದೂರ ಸಾಗಬಲ್ಲದು ಎಂಬುದಕ್ಕೂ, ನಿಜವಾದ ಊರಿನ ಹೆಸರು ನೂರು ವರ್ಷಗಳ ಅನಂತರವೂ ಹೇಗೆ ದಾರಿ ತೋರಬಲ್ಲದು ಎಂಬುದಕ್ಕೂ ಇದು ಸಾಕ್ಷಿ.

ದಿಂಬಂ ಕುರಿತು ಬರೆಯುವವರಿಗೆ ಉದ್ದೇಶವಿಲ್ಲದೆಯೇ ತಪ್ಪಾಗುವ ಸಂಭವ ಹೆಚ್ಚು. ಒಂದೇ ಊರಿಗೆ ಕನ್ನಡದ ರೂಪ, ತಮಿಳಿನ ರೂಪ, ಇಂಗ್ಲಿಷ್ ದಾಖಲೆಗಳ ನಾನಾ ಬರವಣಿಗೆಗಳಿವೆ. ‘ಹಾಸನೂರು’ ಎಂದು ಬರೆದರೆ ದೂರದ ಓದುಗ ಹಾಸನವೆಂದು ಭ್ರಮಿಸಬಹುದು. ಆಡಳಿತದ ಗಡಿಗಳೂ ಬದಲಾಗಿವೆ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ತಾಳವಾಡಿ ಸೀಮೆ ಮದರಾಸು ರಾಜ್ಯದಲ್ಲಿಯೇ ಉಳಿಯಿತು. 1979ರಲ್ಲಿ ಕೊಯಮತ್ತೂರಿನಿಂದ ಬೇರ್ಪಟ್ಟು ಪೆರಿಯಾರ್ ಜಿಲ್ಲೆ ಆಯಿತು. ಅದೇ ಇಂದಿನ ಈರೋಡ್. ಆದ್ದರಿಂದ ಈ ಪ್ರದೇಶದ ಹಿಂದಿನ ದಾಖಲೆಗಳನ್ನು ಹುಡುಕುವವರು ಈರೋಡ್ ಎಂಬ ಹೆಸರಿನಡಿ ಮಾತ್ರ ನೋಡಿದರೆ ಸಾಲದು. ಕೊಯಮತ್ತೂರು, ಪೆರಿಯಾರ್, ಬಿಳಿಗಿರಿರಂಗನ ಬೆಟ್ಟ ಎಂಬ ಹೆಸರುಗಳ ಕೆಳಗೂ ನೋಡಬೇಕು. ‘ಇಲ್ಲಿ ಇದೇ ಮೊದಲ ದಾಖಲೆ’ ಎಂಬ ಘೋಷಣೆ ಹಲವು ಬಾರಿ ಸುಳ್ಳಾಗುವುದು ಈ ಹುಡುಕಾಟ ಅಪೂರ್ಣವಾಗಿರುವುದರಿಂದ.

ಸ್ಥಳವನ್ನು ಹೀಗೆ ನಮೂದಿಸುವುದು ಕ್ಷೇಮಕರ: ‘ದಿಂಬಂ, ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶ, ಈರೋಡ್ ಜಿಲ್ಲೆ, ತಮಿಳುನಾಡು, ಸುಮಾರು 11.6 ಡಿಗ್ರಿ ಉತ್ತರ ಅಕ್ಷಾಂಶ, 77.1 ಡಿಗ್ರಿ ಪೂರ್ವ ರೇಖಾಂಶ’. ದಿನಾಂಕದಲ್ಲಿ ವರ್ಷವನ್ನು ಬಿಡಬಾರದು. ‘ಮೊನ್ನೆ’, ‘ಕಳೆದ ವಾರ’ ಎಂಬ ಮಾತುಗಳು ಸಂಚಿಕೆ ಅಚ್ಚಾಗುವ ಹೊತ್ತಿಗೆ ಅರ್ಥ ಕಳೆದುಕೊಳ್ಳುತ್ತವೆ.

ಹೆಸರಿನ ಪ್ರಶ್ನೆ

ಒಂದು ಹಕ್ಕಿಗೆ ಊರಿಗೊಂದು ಹೆಸರಿರುವುದು ಕನ್ನಡದ ಸಂಪತ್ತು; ದಾಖಲೆಯ ದೃಷ್ಟಿಯಿಂದ ಅದೇ ತೊಡಕು. ‘ಪಿಕಳಾರ’ ಎಂದಷ್ಟೇ ಬರೆದರೆ ಯಾವ ಪಿಕಳಾರವೆಂದು ತಿಳಿಯದು. ಕೆಮ್ಮೀಸೆ ಪಿಕಳಾರ, ಪಿಕ್ನೋನೋಟಸ್ ಜೋಕೋಸಸ್ ಎಂದರೆ ಸಂಶಯವಿಲ್ಲ. ಮೊದಲ ಬಾರಿ ಹೆಸರು ಬಂದಾಗ ಕನ್ನಡದ ಹೆಸರು, ಶಾಸ್ತ್ರೀಯ ಹೆಸರು ಎರಡನ್ನೂ ಕೊಟ್ಟು ಮುಂದೆ ಕನ್ನಡದ ಹೆಸರನ್ನೇ ಬಳಸಬಹುದು. ಸ್ಥಳೀಯ ಹೆಸರು ಬೇರೆಯಿದ್ದರೆ ಅದನ್ನೂ, ಯಾವ ಊರಿನಲ್ಲಿ, ಯಾವ ಸಮುದಾಯದಲ್ಲಿ ಬಳಕೆಯಲ್ಲಿದೆ ಎಂಬುದನ್ನೂ ಸೇರಿಸಬೇಕು. ಇಂತಹ ಹೆಸರುಗಳು ಹೊರಗಿನ ವಿದ್ವಾಂಸರಿಗೆ ಸುಲಭವಾಗಿ ದೊರೆಯುವುದಿಲ್ಲ.

ಇವುಗಳ ಮೌಲ್ಯಕ್ಕೆ ನೆರೆಯ ಬೆಟ್ಟಗಳಲ್ಲಿಯೇ ಪ್ರಮಾಣವಿದೆ. ಸಮೀರಾ ಅಗ್ನಿಹೋತ್ರಿ ಮತ್ತು ಔಂಗ್ ಸಿ ಅವರು ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪಕ್ಷಿಜ್ಞಾನವನ್ನು ಅಭ್ಯಸಿಸಿ 2012ರಲ್ಲಿ ಪ್ರಬಂಧ ಪ್ರಕಟಿಸಿದರು. ಸೋಲಿಗ ಹಿರಿಯರ ಹೆಸರುಗಳೂ ಕಥೆಗಳೂ ಅಲ್ಲಿ ಶಾಸ್ತ್ರೀಯ ಚರ್ಚೆಯ ವಿಷಯವಾದವು. ದಿಂಬಂ ಸುತ್ತಿನ ಸೋಲಿಗ, ಊರಾಳಿ ಹಾಡಿಗಳ ಮಕ್ಕಳು ಕಾಲೇಜಿನ ಕನ್ನಡ ತರಗತಿಗೆ ಬರುವಾಗ ಇಂತಹ ಜ್ಞಾನವನ್ನು ಮನೆಯಿಂದಲೇ ತರುತ್ತಾರೆ. ಅದನ್ನು ಬರಹಕ್ಕೆ ತರುವಾಗ ಹೇಳಿದ ಹಿರಿಯರ ಒಪ್ಪಿಗೆ ಪಡೆಯುವುದು, ಅವರು ಇಚ್ಛಿಸಿದರೆ ಹೆಸರನ್ನು ಸ್ಮರಿಸುವುದು ಬರಹಗಾರರ ಕರ್ತವ್ಯ.

ಒಂದು ಸಂಗತಿ, ಎರಡು ಕರಡು

ದಕ್ಷಿಣ ಭಾರತದಲ್ಲಿ ಕೆಲವು ಬಗೆಯ ಚಿಟ್ಟೆಗಳು ಋತುಮಾನಕ್ಕೆ ತಕ್ಕಂತೆ ಗುಂಪಾಗಿ ವಲಸೆ ಹೋಗುತ್ತವೆ. ನೈರುತ್ಯ ಮುಂಗಾರಿನ ಮುನ್ನ ಪಶ್ಚಿಮ ಘಟ್ಟಗಳಿಂದ ಪೂರ್ವದ ಬೆಟ್ಟಬಯಲುಗಳತ್ತ, ಮಳೆಗಾಲದ ಬಳಿಕ ಅಲ್ಲಿಂದ ಹಿಂದಕ್ಕೆ ಈ ಹಾರಾಟ ಸಾಗುತ್ತದೆ. ಕೃಷ್ಣಮೇಘ್ ಕುಂಟೆಯವರು ಈ ವಲಸೆಯ ಕುರಿತು 2005ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಜರ್ನಲ್‌ನಲ್ಲಿ ಬರೆದರು. ಎರಡು ಘಟ್ಟಸಾಲುಗಳು ಸಮೀಪಿಸುವ ಸತ್ಯಮಂಗಲದ ಬೆಟ್ಟಗಳು ಇಂತಹ ಹಾರಾಟವನ್ನು ಗಮನಿಸಲು ತಕ್ಕ ಸ್ಥಳ. ದಿಂಬಂನಲ್ಲಿ ನಿಂತ ವಿದ್ಯಾರ್ಥಿಯೊಬ್ಬ ಅದನ್ನು ಕಂಡನೆಂದು ಭಾವಿಸೋಣ. ಕೆಳಗಿನ ಎರಡು ಕರಡುಗಳೂ ಅವುಗಳಲ್ಲಿನ ಅಂಕಿಗಳೂ ಪಾಠಕ್ಕಾಗಿ ರಚಿಸಿದವು, ಕ್ಷೇತ್ರದ ದಾಖಲೆಗಳಲ್ಲ.

ಮೊದಲ ಕರಡು: ‘ಪ್ರಕೃತಿ ಮಾತೆಯ ಮಡಿಲಲ್ಲಿರುವ ರಮಣೀಯ ದಿಂಬಂನಲ್ಲಿ ಮೊನ್ನೆ ಲಕ್ಷಾಂತರ ಚಿಟ್ಟೆಗಳು ಹಾರಿ ಬಂದು ನೋಡುಗರ ಮನಸೂರೆಗೊಂಡವು. ಮೂರು ದಿನಗಳಿಂದ ಈ ಹಬ್ಬ ನಡೆಯುತ್ತಿದೆ. ಹವಾಮಾನ ವೈಪರೀತ್ಯದಿಂದ ನೆಲೆ ತಪ್ಪಿದ ಈ ಮುಗ್ಧ ಜೀವಿಗಳು ಆಶ್ರಯ ಹುಡುಕಿ ಅಲೆಯುತ್ತಿವೆ. ಇನ್ನಾದರೂ ಮಾನವ ಎಚ್ಚೆತ್ತುಕೊಳ್ಳಬೇಕು.’

ಇದರಲ್ಲಿ ಭಾವವಿದೆ, ಆದರೆ ಪರಿಶೀಲಿಸಬಹುದಾದ ಒಂದು ಸಂಗತಿಯೂ ಇಲ್ಲ. ಲಕ್ಷಾಂತರವೆಂದು ಎಣಿಸಿದವರಾರು? ಯಾವ ಚಿಟ್ಟೆ? ಯಾವ ದಿಕ್ಕಿಗೆ? ಮೂರು ದಿನವೂ ಬರಹಗಾರ ಅಲ್ಲಿದ್ದನೇ? ಹವಾಮಾನ ವೈಪರೀತ್ಯವೇ ಕಾರಣವೆಂದು ಹೇಗೆ ತಿಳಿಯಿತು? ಪ್ರತಿವರ್ಷವೂ ನಡೆಯುವ ಸಹಜ ವಲಸೆಯನ್ನು ಇಲ್ಲಿ ವಿಪತ್ತೆಂದು ಸಾರಲಾಗಿದೆ.

ಎರಡನೆಯ ಕರಡು: ‘ಅಕ್ಟೋಬರ್ 12ರಂದು ಬೆಳಿಗ್ಗೆ 9.10ರಿಂದ 9.40ರವರೆಗೆ ದಿಂಬಂನಲ್ಲಿ ರಸ್ತೆಬದಿಯ ಒಂದೇ ಜಾಗದಲ್ಲಿ ನಿಂತು, ಎದುರಿನ ಎರಡು ಮರಗಳ ನಡುವಿನ ತೆರವನ್ನು ಹಾದುಹೋದ ಚಿಟ್ಟೆಗಳನ್ನು ಐದೈದು ನಿಮಿಷಗಳ ಆರು ಅವಧಿಗಳಲ್ಲಿ ಎಣಿಸಲಾಯಿತು. ಎಣಿಕೆ ಕ್ರಮವಾಗಿ 41, 56, 38, 60, 47, 52, ಒಟ್ಟು 294. ಬಹುತೇಕ ಎಲ್ಲವೂ ಪೂರ್ವದಿಂದ ಪಶ್ಚಿಮಕ್ಕೆ ಹಾರುತ್ತಿದ್ದವು. ಆಕಾಶ ತಿಳಿಯಾಗಿತ್ತು, ಗಾಳಿ ಮಂದವಾಗಿತ್ತು. ಛಾಯಾಚಿತ್ರದಲ್ಲಿ ಸ್ಪಷ್ಟವಾಗಿ ದೊರೆತ 7 ಚಿಟ್ಟೆಗಳ ಪೈಕಿ 5 ಡಾರ್ಕ್ ಬ್ಲೂ ಟೈಗರ್, 2 ಕಾಮನ್ ಕ್ರೋ. ಉಳಿದವುಗಳನ್ನು ಗುರುತಿಸಲಾಗಲಿಲ್ಲ. ಹಿಂದಿನ ಎರಡು ದಿನಗಳಲ್ಲಿಯೂ ಇಂತಹ ಹಾರಾಟವಿತ್ತೆಂದು ಸಮೀಪದ ಚಹಾ ಅಂಗಡಿಯವರು ತಿಳಿಸಿದರು; ಬರಹಗಾರ ಅದನ್ನು ಕಂಡಿಲ್ಲ. ಹಾರಾಟದ ದಿಕ್ಕು ಮತ್ತು ಕಾಲವನ್ನು ನೋಡಿದರೆ ಇದು ಮಳೆಗಾಲದ ನಂತರದ ಮರುವಲಸೆಯಾಗಿರಬಹುದು.’

ಎರಡನೆಯ ಕರಡಿನಲ್ಲಿ ಕಂಡದ್ದು, ಕೇಳಿದ್ದು, ಊಹಿಸಿದ್ದು ಮೂರೂ ತಮ್ಮ ತಮ್ಮ ಜಾಗದಲ್ಲಿವೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದು ಹೇಳಲಾಗಿದೆ. ಪ್ರಕಟಣೆಗೆ ಕಳುಹಿಸುವಾಗ ದಿನಾಂಕದೊಂದಿಗೆ ವರ್ಷವನ್ನೂ ಹೆಸರುಗಳೊಂದಿಗೆ ಶಾಸ್ತ್ರೀಯ ರೂಪವನ್ನೂ ಸೇರಿಸಿದರೆ ಇದು ಮುಂದಿನ ವರ್ಷ ಅದೇ ಜಾಗದಲ್ಲಿ ನಿಲ್ಲುವ ಇನ್ನೊಬ್ಬನಿಗೆ ಅಳತೆಗೋಲಾಗುತ್ತದೆ. ಸೊಗಸು ಬೇಡವೆಂದು ಇದರ ಅರ್ಥವಲ್ಲ. ಅನುಭವ ಕಥನವಾಗಿ ವಿಸ್ತರಿಸುವಾಗ ಘಟ್ಟದ ಮಂಜನ್ನೂ ಲಾರಿಗಳ ಸಾಲನ್ನೂ ವರ್ಣಿಸಬಹುದು. ಆದರೆ ವರ್ಣನೆಯು ಸಂಗತಿಯ ಜಾಗವನ್ನು ಆಕ್ರಮಿಸಬಾರದು.

ಬರೆಯಬಾರದ ವಿವರಗಳು

ಸ್ಥಳವನ್ನು ನಿಖರವಾಗಿ ಹೇಳಬೇಕೆಂಬ ನಿಯಮಕ್ಕೆ ಒಂದು ಮುಖ್ಯ ಅಪವಾದವಿದೆ. ದಿಂಬಂ ಸುತ್ತಲಿನ ಕಾಡು 2013ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು. ಕೆಳಗಿನ ಮೋಯಾರ್ ಕಣಿವೆಯು ದಕ್ಷಿಣ ಭಾರತದಲ್ಲಿ ರಣಹದ್ದುಗಳು ಉಳಿದಿರುವ ಕೆಲವೇ ನೆಲೆಗಳಲ್ಲಿ ಒಂದು. ಜಾನುವಾರುಗಳಿಗೆ ಕೊಡುತ್ತಿದ್ದ ಡೈಕ್ಲೋಫಿನಾಕ್ ಔಷಧಿಯಿಂದ ದೇಶದ ರಣಹದ್ದುಗಳು ಸಾಮೂಹಿಕವಾಗಿ ಸತ್ತವು. 2006ರಲ್ಲಿ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಲಾಯಿತು. ಅಳಿದುಳಿದ ಹಕ್ಕಿಗಳ ಗೂಡಿನ ಮರವನ್ನು ಪತ್ರಿಕೆಯಲ್ಲಿ ಗುರುತಿಸಿ ಹೇಳಿದರೆ ಮರುವಾರ ಅಲ್ಲಿ ಕ್ಯಾಮೆರಾಗಳ ಜಾತ್ರೆ ನೆರೆಯಬಹುದು. ನಕ್ಷತ್ರ ಆಮೆ, ಅಪರೂಪದ ಸೀತಾಳೆ ಗಿಡ, ಹುಲಿಯ ನಿತ್ಯದ ನೀರಿನ ಹೊಂಡ ಇವುಗಳ ವಿಷಯದಲ್ಲಿ ಕಳ್ಳಬೇಟೆಯ, ಕಳ್ಳಸಾಗಣೆಯ ಭಯವೂ ಇದೆ. ಇಂತಹ ಸಂದರ್ಭಗಳಲ್ಲಿ ಬರಹದಲ್ಲಿ ಪ್ರದೇಶದ ಹೆಸರನ್ನಷ್ಟೇ ಕೊಟ್ಟು, ನಿಖರ ಸ್ಥಳವನ್ನು ಸಂಪಾದಕರಿಗೆ ಪ್ರತ್ಯೇಕವಾಗಿ ತಿಳಿಸಿ, ಪ್ರಕಟಿಸಬಾರದೆಂದು ಕೋರುವುದು ಸರಿಯಾದ ಕ್ರಮ.

ಅನುಮತಿಯಿಲ್ಲದೆ ಸಂರಕ್ಷಿತ ಅರಣ್ಯವನ್ನು ಹೊಕ್ಕು ಪಡೆದ ಮಾಹಿತಿಯನ್ನು ಗೌರವಾನ್ವಿತ ಪತ್ರಿಕೆಗಳು ಪ್ರಕಟಿಸುವುದಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದು ಅಪರಾಧ. ಗೂಡಿನ ಮುಂದಿನ ಕೊಂಬೆ ಕಡಿದು ತೆಗೆದ ಚಿತ್ರ, ಆಹಾರವಿಟ್ಟು ಸೆಳೆದು ತೆಗೆದ ಚಿತ್ರಗಳೂ ಹೀಗೆಯೇ ತಿರಸ್ಕಾರಕ್ಕೆ ಅರ್ಹ. 2022ರ ಫೆಬ್ರವರಿಯಿಂದ ಘಟ್ಟದ ರಸ್ತೆಯಲ್ಲಿ ರಾತ್ರಿ ಸಂಚಾರದ ನಿರ್ಬಂಧ ಜಾರಿಯಲ್ಲಿದೆ. ಬಸ್ಸು ನಿಲ್ಲುವ ಜಾಗದಲ್ಲಿ, ಹೊಲದ ಬದುವಿನಲ್ಲಿ, ಮನೆಯ ಹಿತ್ತಲಿನಲ್ಲಿ ಹಗಲು ಕಾಣುವುದೇ ಹವ್ಯಾಸಿಗೆ ಯಥೇಷ್ಟ.

ಕಳುಹಿಸುವ ಕ್ರಮ

ಬರಹ ಸಿದ್ಧವಾದ ಮೇಲೆ ಅದನ್ನು ಒಂದೆರಡು ದಿನ ಬದಿಗಿಟ್ಟು, ಸ್ಥಳದ ಪರಿಚಯವಿಲ್ಲದ ಸಹಪಾಠಿಯೊಬ್ಬರಿಂದ ಓದಿಸಬೇಕು. ಅವರು ಕೇಳುವ ಪ್ರಶ್ನೆಗಳೇ ಸಂಪಾದಕರ ಪ್ರಶ್ನೆಗಳು. ಅನಂತರದ ತಾಂತ್ರಿಕ ಅಂಶಗಳು ಹೀಗಿವೆ.

ಅಕ್ಷರ: ನುಡಿ, ಬರಹ ಮೊದಲಾದ ತಂತ್ರಾಂಶಗಳ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಿಸಿದ ಕಡತವು ಬೇರೆ ಗಣಕದಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಾಣಬಹುದು. ಪತ್ರಿಕೆಯು ಬೇರೆ ಸೂಚಿಸದಿದ್ದರೆ ಯೂನಿಕೋಡ್‌ನಲ್ಲಿಯೇ ಕಳುಹಿಸಬೇಕು. ತಿದ್ದಲು ಬರುವ ಪಠ್ಯದ ಕಡತವನ್ನೇ ಕೊಡಬೇಕು. ಪಿಡಿಎಫ್ ಅಥವಾ ಪುಟದ ಫೋಟೊ ಪ್ರಯೋಜನಕ್ಕೆ ಬಾರದು.

ಚಿತ್ರ: ಛಾಯಾಚಿತ್ರಗಳನ್ನು ಪಠ್ಯದೊಳಗೆ ಅಂಟಿಸದೆ, ಮೂಲ ಗಾತ್ರದಲ್ಲಿ ಬೇರೆಯಾಗಿ ಲಗತ್ತಿಸಬೇಕು. ವಾಟ್ಸ್ಆ್ಯಪ್‌ನಲ್ಲಿ ಸಾಮಾನ್ಯ ಚಿತ್ರವಾಗಿ ಕಳುಹಿಸಿದರೆ ಗಾತ್ರ ಕುಗ್ಗಿ ಮುದ್ರಣಕ್ಕೆ ಒದಗುವುದಿಲ್ಲ. ಪ್ರತಿ ಚಿತ್ರಕ್ಕೂ ಶೀರ್ಷಿಕೆ, ದಿನಾಂಕ, ತೆಗೆದವರ ಹೆಸರು ಬೇಕು. ಬೇರೆಯವರ ಚಿತ್ರವಾದರೆ ಅವರ ಲಿಖಿತ ಒಪ್ಪಿಗೆ ಬೇಕು. ಅಂತರ್ಜಾಲದಿಂದ ಎತ್ತಿದ ಚಿತ್ರವನ್ನು ತನ್ನ ಅನುಭವಕ್ಕೆ ಜೋಡಿಸುವುದು ವಂಚನೆಯೇ ಸರಿ.

ಪತ್ರ: ಬರಹದೊಂದಿಗೆ ಚಿಕ್ಕದೊಂದು ಪತ್ರವಿರಬೇಕು. ಅದರ ಮಾದರಿ ಹೀಗಿರಬಹುದು:

‘ಮಾನ್ಯ ಸಂಪಾದಕರಿಗೆ ವಂದನೆಗಳು. ದಿಂಬಂನಲ್ಲಿ ಕಂಡ ಚಿಟ್ಟೆಗಳ ಹಾರಾಟದ ಕುರಿತು 250 ಪದಗಳ ಟಿಪ್ಪಣಿಯನ್ನೂ ಎರಡು ಛಾಯಾಚಿತ್ರಗಳನ್ನೂ ತಮ್ಮ ಪತ್ರಿಕೆಯ ಓದುಗರ ವಿಭಾಗಕ್ಕಾಗಿ ಲಗತ್ತಿಸಿದ್ದೇನೆ. ಎಣಿಕೆಯ ಮೂಲ ಟಿಪ್ಪಣಿ ಪುಸ್ತಕ ನನ್ನಲ್ಲಿದೆ. ಬೇಕಾದಲ್ಲಿ ಅದರ ಪ್ರತಿಯನ್ನು ಕಳುಹಿಸಬಲ್ಲೆ. ಈ ಬರಹವನ್ನು ಬೇರೆ ಪತ್ರಿಕೆಗೆ ಕಳುಹಿಸಿಲ್ಲ. ಪ್ರಭೇದಗಳ ಗುರುತಿಸುವಿಕೆಯಲ್ಲಿ ತಪ್ಪಿದ್ದರೆ ತಿದ್ದಬೇಕಾಗಿ ವಿನಂತಿ.’

ಪತ್ರದ ಕೊನೆಯ ವಾಕ್ಯ ವಿನಯದ ಪ್ರದರ್ಶನವಲ್ಲ. ಸಂಪಾದಕರು ತಜ್ಞರಿಗೆ ತೋರಿಸಲು ಕೊಟ್ಟ ಅನುಮತಿ. ಒಂದೇ ಬರಹವನ್ನು ಏಕಕಾಲಕ್ಕೆ ಎರಡು ಪತ್ರಿಕೆಗಳಿಗೆ ಕಳುಹಿಸದಿರುವುದು ಈ ವ್ಯವಹಾರದ ಮೂಲ ಶಿಷ್ಟಾಚಾರ.

ಉತ್ತರ ಬಂದ ಮೇಲೆ

ಹವ್ಯಾಸಿ ಪತ್ರಿಕೆಗಳ ಸಂಪಾದಕರಲ್ಲಿ ಅನೇಕರು ತಾವೂ ಹವ್ಯಾಸಿಗಳೇ. ಬೇರೆ ಉದ್ಯೋಗದ ನಡುವೆ ಪತ್ರಿಕೆಯನ್ನು ನಡೆಸುವವರು. ಉತ್ತರ ತಡವಾಗುವುದು ಸಹಜ. ಒಂದೆರಡು ತಿಂಗಳ ನಂತರ ಒಂದು ಸೌಜನ್ಯದ ಜ್ಞಾಪನೆ ಸಾಕು. ತಿದ್ದುಪಡಿ ಕೇಳಿದರೆ ಅದು ಬಹುತೇಕ ಸ್ವೀಕಾರದ ಸೂಚನೆ. ಕೇಳಿದ ಪ್ರತಿಯೊಂದು ಪ್ರಶ್ನೆಗೂ ಪ್ರತ್ಯೇಕವಾಗಿ ಉತ್ತರಿಸಬೇಕು. ತಿದ್ದಿದ ಪ್ರತಿಯಲ್ಲಿ ಅರ್ಥ ಬದಲಾಗಿದ್ದರೆ, ವಿಶೇಷವಾಗಿ ‘ಇರಬಹುದು’ ಎಂದಿದ್ದುದು ‘ಇದೆ’ ಎಂದಾಗಿದ್ದರೆ, ಅಚ್ಚಿಗೆ ಮೊದಲೇ ತಿಳಿಸಬೇಕು. ಪ್ರಕಟವಾದ ನಂತರ ತನ್ನದೇ ತಪ್ಪು ಕಂಡುಬಂದರೆ ಮುಂದಿನ ಸಂಚಿಕೆಗೆ ತಿದ್ದೋಲೆ ಕಳುಹಿಸಬೇಕು. ತಿದ್ದೋಲೆ ಬರೆದವನ ಮುಂದಿನ ಬರಹವನ್ನು ಸಂಪಾದಕರು ಹೆಚ್ಚು ನಂಬುತ್ತಾರೆ.

ತಿರಸ್ಕೃತವಾದ ಟಿಪ್ಪಣಿಯೂ ವ್ಯರ್ಥವಲ್ಲ. ದಿನಾಂಕ, ಸ್ಥಳ, ಎಣಿಕೆಗಳುಳ್ಳ ಪುಸ್ತಕ ಉಳಿದಿದ್ದರೆ ಐದು ವರ್ಷಗಳ ಅನಂತರ ಅದೇ ಒಂದು ಗಟ್ಟಿ ಲೇಖನಕ್ಕೆ ಆಧಾರವಾದೀತು. ಮಾರಿಸ್ ಅವರ ಕಾಲದಲ್ಲಿ ಈ ಬೆಟ್ಟಗಳ ಸುದ್ದಿ ಇಂಗ್ಲಿಷಿನಲ್ಲಿ ಮುಂಬಯಿಗೆ ಹೋಗುತ್ತಿತ್ತು. ದಾರಿ ತೋರಿಸಿದ, ಹೆಸರು ಹೇಳಿಕೊಟ್ಟ ಸ್ಥಳೀಯರ ಮಾತು ಅವರದೇ ನುಡಿಯಲ್ಲಿ ಅಚ್ಚಾಗುತ್ತಿರಲಿಲ್ಲ. ಇಂದು ಘಟ್ಟದ ಮೇಲಿನ ವಿದ್ಯಾರ್ಥಿಗೆ ಕನ್ನಡದ ಪತ್ರಿಕೆಗಳಿವೆ, ಕೈಯಲ್ಲಿ ಕ್ಯಾಮೆರಾ ಇದೆ, ಕಂಡದ್ದನ್ನೂ ಕೇಳಿದ್ದನ್ನೂ ಬೇರ್ಪಡಿಸುವ ಭಾಷೆ ಮನೆಯಲ್ಲಿಯೇ ಇದೆ. ಬರೆಯದೆ ಉಳಿದದ್ದು ಆ ಪೀಳಿಗೆಯೊಂದಿಗೆ ಮರೆಯಾಗುತ್ತದೆ.

ಅಭ್ಯಾಸ

1. ಕಾಲೇಜಿಗೆ ಬರುವ ದಾರಿಯಲ್ಲಿ ಹದಿನೈದು ನಿಮಿಷ ಒಂದೇ ಕಡೆ ನಿಂತು ಕಂಡ ಹಕ್ಕಿಗಳನ್ನು ಎಣಿಸಿ, 150 ಪದಗಳ ಟಿಪ್ಪಣಿ ಬರೆಯಿರಿ.
2. ಬರೆದ ಟಿಪ್ಪಣಿಯಲ್ಲಿ ಕಂಡದ್ದಕ್ಕೆ ಒಂದು ಗೆರೆ, ಕೇಳಿದ್ದಕ್ಕೆ ಎರಡು ಗೆರೆ, ಊಹಿಸಿದ್ದಕ್ಕೆ ಅಲೆಗೆರೆ ಎಳೆಯಿರಿ. ಗೆರೆಯಿಲ್ಲದೆ ಉಳಿದ ವಾಕ್ಯಗಳು ಅಗತ್ಯವೇ ಎಂದು ಚರ್ಚಿಸಿರಿ.
3. ಮನೆಯ ಹಿರಿಯರಿಂದ ಐದು ಹಕ್ಕಿಗಳ ಸ್ಥಳೀಯ ಹೆಸರುಗಳನ್ನು ಕೇಳಿ, ಅವು ಯಾವ ಹಕ್ಕಿಗಳೆಂದು ಚಿತ್ರ ತೋರಿಸಿ ಖಚಿತಪಡಿಸಿಕೊಂಡು ಪಟ್ಟಿ ಮಾಡಿರಿ.
4. ಯಾವುದಾದರೂ ಒಂದು ನಿಸರ್ಗ ಪತ್ರಿಕೆಯ ಮೂರು ಸಂಚಿಕೆಗಳನ್ನು ಓದಿ, ಅದರ ಓದುಗರ ವಿಭಾಗಕ್ಕೆ ಒಪ್ಪುವಂತೆ ಮೊದಲ ಅಭ್ಯಾಸದ ಟಿಪ್ಪಣಿಯನ್ನು ತಿದ್ದಿ, ಸಂಪಾದಕರಿಗೆ ಪತ್ರದೊಂದಿಗೆ ಸಿದ್ಧಪಡಿಸಿರಿ.